ಹಳೆಯ ಯಂತ್ರದ ಹೊಸ ಓಟ

ಮನೆಯೆಂದ ಮೇಲೆ ಅದರಲ್ಲಿ ಒಂದಾದರೂ ಹಳೆಯ ಯಂತ್ರವಿರಬೇಕು. ಹಿಂದೆ ಅದು ಹೊಲಿಗೆಯ ಯಂತ್ರವಾಗಿತ್ತು. ಅಜ್ಜಿಯ ಕಾಲದ್ದು, ನಾಲ್ಕು ಹನಿ ಎಣ್ಣೆ ಬಿದ್ದೊಡನೆ ಹರೆಯ ಮರಳಿದಂತೆ ಓಡುತ್ತಿದ್ದುದು. ಆಮೇಲೆ ಸೈಕಲ್ಲು ಬಂತು, ರೇಡಿಯೊ ಬಂತು, ಅಡಿಗೆಮನೆಯ ಮೂಲೆಯಲ್ಲಿ ಗುರುಗುಟ್ಟುವ ಮಿಕ್ಸಿ ಬಂತು. ಇವುಗಳಲ್ಲಿ ಯಾವುದನ್ನೂ ಮನೆಯವರು ಸುಲಭವಾಗಿ ಗುಜರಿಯವನ ತಕ್ಕಡಿಗೆ ಹಾಕಿದವರಲ್ಲ. "ಇನ್ನೂ ಓಡುತ್ತದಲ್ಲ" ಎಂಬ ಒಂದೇ ಮಾತು ಅದೆಷ್ಟು ಯಂತ್ರಗಳ ಆಯುಷ್ಯವನ್ನು ಬೆಳೆಸಿದೆಯೋ ಲೆಕ್ಕವಿಲ್ಲ. ಈಗ ಆ ಪಂಕ್ತಿಯಲ್ಲಿ ಕಂಪ್ಯೂಟರೂ ಬಂದು ಕುಳಿತಿದೆ.

ಆದರೆ ಕಂಪ್ಯೂಟರಿನ ವಯಸ್ಸು ಮನುಷ್ಯರ ಲೆಕ್ಕದ್ದಲ್ಲ, ಹೊಲಿಗೆಯಂತ್ರದ ಲೆಕ್ಕದ್ದೂ ಅಲ್ಲ. ಐದು ವರ್ಷಕ್ಕೆ ಅದಕ್ಕೆ ನಡುವಯಸ್ಸು, ಹತ್ತಕ್ಕೆ ಮುಪ್ಪು. ಹದಿನಾಲ್ಕು ದಾಟಿದ ಕಂಪ್ಯೂಟರೆಂದರೆ ಶತಾಯುಷಿಯೇ ಸರಿ. ಗುಂಡಿ ಒತ್ತಿ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಕುದಿಸಿ, ಸೋಸಿ, ಕುಡಿದು ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಆಗ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಹೊಸದನ್ನು ಕೊಳ್ಳಬೇಕೆನ್ನುವುದು ಒಂದು ಪಕ್ಷ. ಇದ್ದುದನ್ನೇ ಸರಿಮಾಡಿಸಿಕೊಳ್ಳಬೇಕೆನ್ನುವುದು ಇನ್ನೊಂದು. ಇವೆರಡರ ನಡುವೆ, ಮೀಸೆ ಚಿಗುರಿದ ಮಕ್ಕಳಿರುವ ಮನೆಗಳಲ್ಲಿ, ಮೂರನೆಯದೊಂದು ಪಕ್ಷವೂ ತಲೆಯೆತ್ತುತ್ತದೆ. ಇದ್ದ ಯಂತ್ರವನ್ನೇ ಅದರ ಮೈಮೇಲೆ ಬರೆದಿರುವ ವೇಗಕ್ಕಿಂತ ಹೆಚ್ಚು ವೇಗವಾಗಿ ಓಡಿಸಬೇಕು ಎಂಬುದು ಆ ಪಕ್ಷದ ವಾದ. ಈ ವಿದ್ಯೆಗೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅಂಥದೊಂದು ಮನೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಯಜಮಾನರು ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಷಿಫ್ಟು ಮಾಡಿದವರು. ನಿವೃತ್ತಿಗೆ ಇನ್ನು ಎರಡೇ ವರ್ಷ. ಮಗ ಡಿಪ್ಲೊಮಾ ಮುಗಿಸಿ ಮದುವೆ, ಜಾತ್ರೆ, ಶಾಲೆಯ ವಾರ್ಷಿಕೋತ್ಸವಗಳ ವಿಡಿಯೊ ಜೋಡಿಸಿಕೊಡುವ ಕೆಲಸಕ್ಕೆ ಕೈ ಹಾಕಿದ್ದಾನೆ. ಸಿಂಧನೂರು, ಮಸ್ಕಿ, ಮುದಗಲ್ಲುಗಳ ಕಡೆಯಿಂದ ಕೆಲಸ ಬರುತ್ತಿದೆ. ಮಗಳು ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ; ಅವಳ ಪಾಠಗಳೂ ಅದೇ ಕಂಪ್ಯೂಟರಿನಲ್ಲಿ. ಮದುವೆಯ ಹಂಗಾಮಿನಲ್ಲಿ ಅಣ್ಣನ ವಿಡಿಯೊ ರಾತ್ರಿಯಿಡೀ 'ತಯಾರಾಗುತ್ತ' ಕುಳಿತರೆ ತಂಗಿಯ ಪಾಠ ನಿಂತಂತೆಯೇ. ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದಿದ್ದರೆ ಗಿರಾಕಿಗಳು ರಾಯಚೂರಿಗೆ ಹೋಗುತ್ತಾರೆ. ಗಿರಾಕಿಗಳು ಹೋದರೆ ಮಗ ಬೆಂಗಳೂರಿನ ಬಸ್ಸು ಹತ್ತಬೇಕು. ಮಗ ಊರಿನಲ್ಲಿ ಉಳಿಯುವನೋ ಇಲ್ಲವೋ ಎಂಬ ಪ್ರಶ್ನೆ ಹೀಗೆ ಮೇಜಿನ ಕೆಳಗಿನ ಒಂದು ತಗಡಿನ ಪೆಟ್ಟಿಗೆಗೆ ಗಂಟು ಬಿದ್ದಿದೆ.

ಹಣವೆಂದರೆ ತಾಯಿಯ ಚೀಟಿಯದು; ಹತ್ತು ಸಾವಿರ ರೂಪಾಯಿ. ಅಷ್ಟಕ್ಕೆ ಈ ಕೆಲಸ ಮಾಡಬಲ್ಲ ಹೊಸ ಯಂತ್ರ ಬರುವುದಿಲ್ಲವೆಂಬುದು ಮನೆಯವರಿಗೆಲ್ಲ ಗೊತ್ತು.

"ಹತ್ತು ಸಾವಿರ ಕೊಡ್ತೀನಪ್ಪಾ. ಆದರ ಆ ಡಬ್ಬಿ ಸುಟ್ಟು ಕೂತರ ನಿನ್ನ ಕೆಲಸನೂ ಹೋತು, ತಂಗೀ ಓದೂ ಹೋತು. ಅದನ್ನ ತಲಿಯಾಗ ಇಟ್ಕೊಂಡು ಖರ್ಚು ಮಾಡು" ಎಂದು ತಾಯಿ ಹೇಳಿದ ಮಾತಿನಲ್ಲಿ ಈ ವಿದ್ಯೆಯ ಅರ್ಧ ಶಾಸ್ತ್ರವೇ ಅಡಗಿದೆ.

ಉಳಿದ ಅರ್ಧವನ್ನು ತಿಳಿಯಬೇಕಾದರೆ ಕಂಪ್ಯೂಟರಿನ ತಾಳವನ್ನು ತಿಳಿಯಬೇಕು. ಅದರೊಳಗೆ ಸ್ಫಟಿಕದ ಚೂರೊಂದು ಒಂದೇ ಸಮನೆ ಮಿಡಿಯುತ್ತಿರುತ್ತದೆ. ಈ ಮನೆಯ ಯಂತ್ರದಲ್ಲಿರುವುದು 2011ರ ಜನವರಿಯಲ್ಲಿ ಹೊರಬಂದ ಇಂಟೆಲ್ ಕಂಪನಿಯ ಕೋರ್ ಐ5-2500ಕೆ ಎಂಬ ಪ್ರೊಸೆಸರು. ಅದರ ಮೂಲತಾಳ ಸೆಕೆಂಡಿಗೆ ಹತ್ತು ಕೋಟಿ, ಅಂದರೆ 100 ಮೆಗಾಹರ್ಟ್ಸ್. ಗಾಯಕರು ವಿಲಂಬಿತದಿಂದ ದುಗುನ್, ಚೌಗುನ್ ಎಂದು ಲಯವನ್ನು ಏರಿಸುವಂತೆ ಪ್ರೊಸೆಸರು ಆ ಮೂಲತಾಳವನ್ನು 33ರಿಂದ ಗುಣಿಸಿಕೊಂಡು ಸೆಕೆಂಡಿಗೆ 330 ಕೋಟಿ ಹೆಜ್ಜೆ ಹಾಕುತ್ತದೆ. ಇದನ್ನೇ 3.3 ಗಿಗಾಹರ್ಟ್ಸ್ ಎನ್ನುವುದು. 33ರ ಜಾಗದಲ್ಲಿ 42 ಎಂದು ಬರೆದರೆ ಹೆಜ್ಜೆಗಳು 420 ಕೋಟಿಯಾಗುತ್ತವೆ. ಓವರ್‌ಕ್ಲಾಕಿಂಗ್ ಎಂದರೆ ಇಷ್ಟೇ; ಒಂದು ಅಂಕಿಯನ್ನು ಅಳಿಸಿ ಇನ್ನೊಂದನ್ನು ಬರೆಯುವುದು.

ಇಷ್ಟು ಸುಲಭವಾಗಿ ಸಿಗುವ ವೇಗವನ್ನು ತಯಾರಿಸಿದವರೇ ಏಕೆ ಕೊಡಲಿಲ್ಲವೆಂದು ಕೇಳಬಹುದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಒಂದೇ ಶಕ್ತಿಯವಲ್ಲ. ಒಂದೇ ಬಸಿರಿನ ಮಕ್ಕಳಂತೆ ಒಂದು ಚುರುಕು, ಒಂದು ಮಂದ. ಕಂಪನಿಯಾದರೋ ಮಾರಿದ ಪ್ರತಿಯೊಂದಕ್ಕೂ ಖಾತರಿ ಕೊಡಬೇಕು. ಧೂಳು ತುಂಬಿದ ಪೆಟ್ಟಿಗೆಯಲ್ಲಿ, ಬಿಸಿಲ ನಾಡಿನಲ್ಲಿ, ಅಗ್ಗದ ಫ್ಯಾನಿನ ಕೆಳಗೆ ಕುಳಿತರೂ ಅದು ತಪ್ಪಿಲ್ಲದೆ ಲೆಕ್ಕ ಮಾಡಬೇಕು. ಆದ್ದರಿಂದ ಮೈಮೇಲೆ ಬರೆಯುವ ವೇಗ ಯಾವಾಗಲೂ ಕೊಂಚ ಕಡಿಮೆಯದಾಗಿರುತ್ತದೆ. ಆ ಉಳಿತಾಯವನ್ನು ಹುಡುಕಿ ತೆಗೆಯುವುದೇ ಈ ಹವ್ಯಾಸಿಗಳ ಗಣಿಗಾರಿಕೆ.

ಈ ಗಣಿಗಾರಿಕೆಗೂ ಒಂದು ಇತಿಹಾಸವಿದೆ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು 66ರ ತಾಳದಲ್ಲಿ 300 ಮೆಗಾಹರ್ಟ್ಸ್ ಓಡಬೇಕಾದದ್ದು. ತಾಳವನ್ನು 100ಕ್ಕೆ ಏರಿಸಿದರೆ ಅದು 450ರಲ್ಲಿ ನಿರಾಯಾಸವಾಗಿ ಓಡುವುದೆಂದು ಜನ ಕಂಡುಕೊಂಡರು. ಬಡವರ ಮನೆಯ ಹುಡುಗ ಸಿರಿವಂತರ ಶಾಲೆಯಲ್ಲಿ ಮೊದಲ ದರ್ಜೆ ಪಡೆದ ಹಾಗಾಯಿತು. 2007ರ ಕೋರ್ 2 ಕ್ವಾಡ್ ಕ್ಯೂ6600 ಕೂಡ 2.4 ಗಿಗಾಹರ್ಟ್ಸಿನಿಂದ 3.0ಕ್ಕೆ ಏರಿಸಿಕೊಳ್ಳಲು ಹೆಸರಾಗಿತ್ತು. 2011ರ ಪೀಳಿಗೆಯಿಂದ ಮಾತ್ರ ಇಂಟೆಲ್ ಈ ಬಾಗಿಲಿಗೆ ಬೀಗ ಹಾಕಿತು. ಹೆಸರಿನ ಕೊನೆಯಲ್ಲಿ 'ಕೆ' ಎಂಬ ಅಕ್ಷರವಿರುವ ಪ್ರೊಸೆಸರುಗಳಿಗೆ ಮಾತ್ರ ಗುಣಕವನ್ನು ಧಾರಾಳವಾಗಿ ಏರಿಸುವ ಸ್ವಾತಂತ್ರ್ಯ ಉಳಿಯಿತು.

ಆದ್ದರಿಂದ ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರ ಇದಕ್ಕೆ ಒಪ್ಪುತ್ತದೆಯೇ? ಕಚೇರಿಗಳಿಂದ ಹರಾಜಿನಲ್ಲಿ ಬಂದ ಬಹುಪಾಲು ಕಂಪ್ಯೂಟರುಗಳಲ್ಲಿ ಇರುವುದು ಬೀಗ ಹಾಕಿದ ಪ್ರೊಸೆಸರು. ಅಂಥವುಗಳಿಗೆ ದೊಡ್ಡ ಫ್ಯಾನು, ದೊಡ್ಡ ಬೋರ್ಡು ತಂದು ಜೋಡಿಸುವುದು ಕಟ್ಟಿಹಾಕಿದ ಕುದುರೆಗೆ ಬೆಳ್ಳಿಯ ಲಾಳ ಹೊಡೆಸಿದಂತೆ. ಈ ಮನೆಯ ಹುಡುಗನಿಗೆ ಅದೃಷ್ಟವಶಾತ್ 'ಕೆ' ಅಕ್ಷರ ಸಿಕ್ಕಿತ್ತು. ಆದರೆ ಅದನ್ನು ಹೊತ್ತ ಮದರ್‌ಬೋರ್ಡು ಎಚ್61 ಎಂಬ ಜಾತಿಯದು; ಅಗ್ಗದ್ದು, ಸಾಧುವಾದದ್ದು. ಆ ಜಾತಿಯ ಬೋರ್ಡುಗಳು ಸಾಮಾನ್ಯವಾಗಿ ಗುಣಕವನ್ನು ಏರಿಸಗೊಡುವುದಿಲ್ಲ. ಅದಕ್ಕೆ ಪಿ67, ಝಡ್68 ಅಥವಾ ಝಡ್77 ಬೇಕು. ಬೀಗದ ಕೈ ಸಿಕ್ಕಿದೆ, ಆದರೆ ಬಾಗಿಲೇ ಬೇರೆ ಮನೆಯದು.

ಹುಡುಗನ ಮೊದಲ ಯೋಜನೆ ಸರಳವಾಗಿತ್ತು. ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗುವುದು, ಎಸ್.ಪಿ. ರಸ್ತೆಯೆಂದು ಎಲ್ಲರೂ ಕರೆಯುವ ಸಾದರ ಪತ್ರಪ್ಪ ರಸ್ತೆಯಲ್ಲಿ ಇಳಿಯುವುದು. ಒಂದು ಹಳೆಯ ಬೋರ್ಡನ್ನು ಹುಡುಕಿ ಹಣದ ಬಹುಪಾಲನ್ನು ಅದಕ್ಕೇ ಸುರಿಯುವುದು. ಆ ರಸ್ತೆಯನ್ನು ಕಂಡವರಿಗೆ ಅದರ ಮಾಯೆ ಗೊತ್ತು. ಕೈಚಾಚಿದರೆ ಎರಡೂ ಬದಿಯ ಗೋಡೆ ಮುಟ್ಟುವಂಥ ಅಂಗಡಿಗಳು. ಒಂದರಲ್ಲಿ ಬರೀ ತಂತಿ, ಒಂದರಲ್ಲಿ ಬರೀ ಫ್ಯಾನು, ಒಂದರಲ್ಲಿ ಎಲ್ಲಿಂದಲೋ ಬಿಚ್ಚಿ ತಂದ ಬೋರ್ಡುಗಳ ಗುಡ್ಡೆ. ಅಲ್ಲಿ ಸಿಗದ ಬಿಡಿಭಾಗವಿಲ್ಲವೆಂಬ ಮಾತಿದೆ. ಆದರೆ ಸಿಕ್ಕಿದ್ದೆಲ್ಲ ನಡೆಯುತ್ತದೆಯೆಂಬ ಮಾತಿಲ್ಲ.

ತಂದೆ ಒಂದು ಸಂಜೆ ಊಟಕ್ಕೆ ಕುಳಿತಾಗ ಈ ಯೋಜನೆಯನ್ನು ಕೇಳಿದರು. ಕಂಪ್ಯೂಟರಿನ ವಿಷಯ ಅವರಿಗೆ ಗೊತ್ತಿದ್ದುದು ಕಡಿಮೆ. ಬಿಸಿಯ ವಿಷಯ ಗೊತ್ತಿದ್ದುದು ಬಹಳ. ಭೂಮಿಯೊಳಕ್ಕೆ ಇಳಿದಂತೆಲ್ಲ ಬಂಡೆಯ ಬಿಸಿ ಏರುತ್ತದೆ. ಮೇಲಿನಿಂದ ಯಂತ್ರಗಳ ಮೂಲಕ ಗಾಳಿಯನ್ನು ಕಳಿಸದಿದ್ದರೆ ಕೆಳಗೆ ಮನುಷ್ಯ ಕೆಲಸ ಮಾಡಲಾರ.

"ಗಣಿಯೊಳಗ ಮುಂದ ಕೊರಿಯೂದಕ್ಕ ಮೊದಲ ಗಾಳಿ ಹೋಗೂ ದಾರಿ ಮಾಡ್ತಾರ ತಮ್ಮಾ. ಗಾಳಿ ಇಲ್ಲದ ಕಡೆ ಯಾರನ್ನೂ ಇಳಸಂಗಿಲ್ಲ. ನಿನ್ನ ಡಬ್ಬಿಯಾಗ ಗಾಳಿ ಎಲ್ಲಿಂದ ಬರ್ತದ, ಎಲ್ಲಿಂದ ಹೋಗ್ತದ?" ಎಂದು ಅವರು ಕೇಳಿದರು.

ಹುಡುಗ ಪೆಟ್ಟಿಗೆಯ ತಗಡು ಬಿಚ್ಚಿ ನೋಡಿದ. ಗಾಳಿ ಎಲ್ಲಿಂದಲೂ ಬರುತ್ತಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿಯಂತೆ ಹಾಸಿಕೊಂಡಿತ್ತು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಎರಡು ಲೋಹಗಳ ಮೈ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಹಳ್ಳಗಳಿರುತ್ತವೆ. ಅವುಗಳಲ್ಲಿ ಗಾಳಿ ಕುಳಿತರೆ ಬಿಸಿ ದಾಟುವುದಿಲ್ಲ. ಆ ಹಳ್ಳಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಸಣ್ಣ ಬ್ರಷ್ಷು, ಒಂದು ಬಟ್ಟೆ, ಕಡಲೆಕಾಳಿನ ಗಾತ್ರದ ಹೊಸ ಪೇಸ್ಟು: ಇಷ್ಟಕ್ಕೆ ಚೀಟಿಯ ಹಣದ ಒಂದು ಚಿಟಿಕೆ ಸಾಕಾಯಿತು. ಬಿಸಿ ಇಳಿದದ್ದು ಮಾತ್ರ ಚಿಟಿಕೆಯಷ್ಟಲ್ಲ; ಅದುವರೆಗೆ ಭೋರ್ಗರೆಯುತ್ತಿದ್ದ ಫ್ಯಾನು ದನಿ ತಗ್ಗಿಸಿತು.

ಬಿಸಿಗೂ ವೇಗಕ್ಕೂ ಇರುವ ಸಂಬಂಧವನ್ನು ಲೆಕ್ಕದಲ್ಲಿಯೇ ನೋಡಬಹುದು. ವೇಗ ಏರಿಸಿದಾಗ ಪ್ರೊಸೆಸರು ತಡವರಿಸದಿರಲು ಅದಕ್ಕೆ ಕೊಡುವ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಅದು ನುಂಗುವ ವಿದ್ಯುತ್ತು ವೇಗದ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ವೇಗವನ್ನು 3.3ರಿಂದ 4.2ಕ್ಕೆ, ವೋಲ್ಟೇಜನ್ನು 1.2ರಿಂದ 1.3ಕ್ಕೆ ಏರಿಸಿದೆವೆಂದು ಇಟ್ಟುಕೊಂಡರೆ, ವೇಗ ಹೆಚ್ಚಿದ್ದು ನೂರಕ್ಕೆ 27. ಬಿಸಿ ಹೆಚ್ಚಿದ್ದು ನೂರಕ್ಕೆ 49. ಕಂಪನಿಯವರು ಹೇಳುವ 95 ವ್ಯಾಟ್ ಎಂಬ ಅಂಕಿ ಹೀಗೆ 140ನ್ನು ದಾಟುತ್ತದೆ. ಕಾಲುಪಾಲು ವೇಗಕ್ಕೆ ಅರ್ಧಪಾಲು ಬಿಸಿ, ಬಡ್ಡಿ ದುಬಾರಿಯೇ.

ಇದರ ಜೊತೆಗೆ ಊರಿನ ಬಿಸಿಯೂ ಸೇರಬೇಕು. ಫ್ಯಾನು ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಅದು ಯಾವುದನ್ನೂ ಮಾಡಲಾರದು. ಒಂದು ಶೀತಕ ಪ್ರೊಸೆಸರನ್ನು ಕೋಣೆಗಿಂತ 40 ಡಿಗ್ರಿ ಮೇಲೆ ನಿಲ್ಲಿಸುತ್ತದೆಯೆಂದು ಇಟ್ಟುಕೊಳ್ಳಬಹುದು. ಬೆಂಗಳೂರಿನ 26 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರು 66ರಲ್ಲಿ ಹಾಯಾಗಿ ಇರುತ್ತದೆ. ಅದೇ ಯಂತ್ರ, ಅದೇ ಶೀತಕ, ರಾಯಚೂರು ಸೀಮೆಯ ವೈಶಾಖದಲ್ಲಿ 40 ಡಿಗ್ರಿಯ ಕೋಣೆಗೆ ಬಂದರೆ 80ಕ್ಕೆ ಮುಟ್ಟುತ್ತದೆ. ದಿನವಿಡೀ ದುಡಿಯುವ ಯಂತ್ರ ಆ ಅಂಕಿಯನ್ನು ಮೀರದಿರುವುದೇ ಲೇಸೆಂದು ಅನುಭವಸ್ಥರು ಹೇಳುತ್ತಾರೆ. ಬೆಂಗಳೂರಿನ ಗೆಳೆಯ ಹೇಳಿದ ವೇಗವನ್ನು ಹಟ್ಟಿಯಲ್ಲಿ ಹಾಗೆಯೇ ನಕಲು ಮಾಡಲಾಗದು. ಮಲೆನಾಡಿನ ಗದ್ದೆಯ ಬೀಜವನ್ನು ಎರೆಹೊಲಕ್ಕೆ ಬಿತ್ತುವವರುಂಟೆ?

ಇಷ್ಟಾದ ಮೇಲೆ ಹುಡುಗ ಕೊಳ್ಳಬೇಕಾದ ವಸ್ತುಗಳ ಪಟ್ಟಿಯನ್ನು ಹರಿದು ಹೊಸದಾಗಿ ಬರೆದ. ಈ ಸಲದ ಪಟ್ಟಿಗೆ ತಾಯಿಯ ಮಾತೇ ಸೂತ್ರವಾಯಿತು. ವೇಗ ಏರಿಸುವ ಪ್ರಯತ್ನ ಕೆಟ್ಟುಹೋದರೂ ಬೆಲೆ ಉಳಿಯುವ ವಸ್ತುಗಳು ಮೊದಲು. ಪ್ರಯತ್ನ ಗೆದ್ದರೆ ಮಾತ್ರ ಉಪಯೋಗಕ್ಕೆ ಬರುವ ವಸ್ತುಗಳು ಕೊನೆಗೆ. ಬಾಡಿಗೆಯ ಮನೆಯಲ್ಲಿರುವವರು ಪಾತ್ರೆ ಪಡಗಗಳಿಗೆ ಹಣ ಹಾಕಬಹುದು, ಗೋಡೆಯ ಬಣ್ಣಕ್ಕೆ ಹಾಕುವಾಗ ಯೋಚಿಸಬೇಕು. ಪಾತ್ರೆ ಮುಂದಿನ ಮನೆಗೂ ಬರುತ್ತದೆ; ಬಣ್ಣ ಬಾರದು.

ಪಾತ್ರೆಗಳಲ್ಲಿ ಮೊದಲನೆಯದು ಎಸ್‌ಎಂಪಿಎಸ್ ಎಂದು ಅಂಗಡಿಯವರು ಕರೆಯುವ ವಿದ್ಯುತ್ ಪೆಟ್ಟಿಗೆ. ಯಾರ ಕಣ್ಣಿಗೂ ಬೀಳದ, ಯಾರೂ ಹೊಗಳದ ಭಾಗ ಇದು. ಇದು ಕೆಟ್ಟಾಗ ಒಂಟಿಯಾಗಿ ಹೋಗುವುದಿಲ್ಲ. ಬೋರ್ಡನ್ನೋ ಡಿಸ್ಕನ್ನೋ ಜೊತೆಗೆ ಕರೆದೊಯ್ಯುವುದೂ ಉಂಟು. ಅಗ್ಗದ ಪೆಟ್ಟಿಗೆಗಳ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ನೋಡಬೇಕಾದುದು ಆ ದಪ್ಪಕ್ಷರವನ್ನಲ್ಲ. ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ಎಂಬುದನ್ನು. ಪ್ರೊಸೆಸರು ಉಣ್ಣುವುದು ಆ ಬಾಗಿಲಿನಿಂದ. ಅಲ್ಲಿ 14 ಎಂದಿದ್ದರೆ 12ರಿಂದ ಗುಣಿಸಿದಾಗ ಸಿಗುವುದು 168 ವ್ಯಾಟ್ ಮಾತ್ರ. ಉಳಿದದ್ದೆಲ್ಲ ಬರಿಯ ಬಿಂಕ. ಅಲ್ಲಿ 25 ಅಥವಾ 30 ಇರುವ, 80 ಪ್ಲಸ್ ಎಂಬ ಮುದ್ರೆ ಪಡೆದ, ಹೆಸರಾಂತ ತಯಾರಕರ ಹೊಸ ಪೆಟ್ಟಿಗೆಯೇ ಲೇಸು. ಬೇರೆ ಏನನ್ನಾದರೂ ಹಳೆಯದು ಕೊಳ್ಳಬಹುದು, ಇದನ್ನು ಮಾತ್ರ ಕೂಡದು. ಗೋಡೆಯ ಪ್ಲಗ್ಗಿನ ಮೂರನೆಯ ರಂಧ್ರಕ್ಕೆ ನಿಜವಾಗಿಯೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿನಿಂದ ನೋಡಿಸುವುದೂ ಈ ಖರ್ಚಿಗೇ ಸೇರಿದ್ದು.

ಎರಡನೆಯದು ಶೀತಕ. ಪ್ರೊಸೆಸರಿನ ಜೊತೆಗೆ ಬರುವ ಚಪ್ಪಟೆ ಫ್ಯಾನು ಬರೆದ ವೇಗಕ್ಕೆ ಸಾಕು, ಏರಿಸಿದ ವೇಗಕ್ಕೆ ಸಾಲದು. ತಾಮ್ರದ ಕೊಳವೆಗಳ ಮೂಲಕ ಬಿಸಿಯನ್ನು ಮೇಲಕ್ಕೆ ಒಯ್ದು ರೆಕ್ಕೆಗಳಿಗೆ ಹಂಚುವ, 120 ಮಿಲಿಮೀಟರಿನ ಫ್ಯಾನುಳ್ಳ ಗೋಪುರದಂಥ ಶೀತಕ ಬೇಕು. ಆ ಕೊಳವೆಗಳೊಳಗೆ ಚೂರು ದ್ರವವಿರುತ್ತದೆ. ಬಿಸಿಯ ತುದಿಯಲ್ಲಿ ಅದು ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ನೀರಿನ ಶೀತಕಗಳ ಆಡಂಬರ ಈ ಆಯವ್ಯಯಕ್ಕೆ ಬೇಕಿಲ್ಲ. ಈ ಪ್ರೊಸೆಸರಿಗೆ ಒಪ್ಪುವ ಶೀತಕದ ಸ್ಕ್ರೂ ರಂಧ್ರಗಳ ಅಳತೆಯನ್ನೇ ಇಂಟೆಲ್ 2020ರ ಪೀಳಿಗೆಯವರೆಗೂ ಉಳಿಸಿಕೊಂಡು ಬಂದಿತು. ಆದ್ದರಿಂದ ಮುಂದೆಂದಾದರೂ ಆ ಕಾಲದ ಯಂತ್ರವೊಂದು ಮನೆಗೆ ಬಂದರೆ ಈ ಗೋಪುರ ಅಲ್ಲಿಗೂ ಹೋಗಿ ನಿಲ್ಲುತ್ತದೆ. ಪೆಟ್ಟಿಗೆಯ ಮುಂದೊಂದು ಗಾಳಿಯನ್ನು ಒಳಗೆಳೆಯುವ ಫ್ಯಾನು, ಹಿಂದೊಂದು ಹೊರಗೆ ತಳ್ಳುವ ಫ್ಯಾನು. ಮುಂದಿನದಕ್ಕೆ ಧೂಳು ತಡೆಯುವ ತೆಳುವಾದ ಜಾಲರಿ. ತಂದೆಯ ಪ್ರಶ್ನೆಗೆ ಇದೇ ಉತ್ತರ.

ಮೂರನೆಯದನ್ನು ಹುಡುಗ ಹುಡುಕಿಕೊಂಡು ಹೋದದ್ದಲ್ಲ, ಅದಾಗಿ ಸಿಕ್ಕಿದ್ದು. ಹಟ್ಟಿಗೆ ನೆರೆಯದೇ ಆದ ಮಸ್ಕಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1915ರಲ್ಲಿ ಬೀಡನ್ ಎಂಬ ಎಂಜಿನಿಯರು ಆ ಸೀಮೆಯಲ್ಲಿ ಅಲೆದದ್ದು ಚಿನ್ನದ ಅದಿರನ್ನು ಹುಡುಕುವುದಕ್ಕೆ; ಅವನಿಗೆ ದೊರೆತದ್ದು ಅಶೋಕನ ಶಾಸನ. ದೇವಾನಾಂಪ್ರಿಯನೆಂದು ಕರೆದುಕೊಂಡಿದ್ದ ಅರಸನು ಅಶೋಕನೇ ಎಂದು ಇತಿಹಾಸಕಾರರಿಗೆ ಖಚಿತವಾಗಲು ನೆರವಾದ ಬಂಡೆ ಅದು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ಸಿಕ್ಕಿದ್ದೇ ದೊಡ್ಡದು. ಯಂತ್ರ ತಡವರಿಸುವಾಗ ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರಿನ ಕಿಟಕಿಯನ್ನು ಹುಡುಗ ತೆರೆದು ನೋಡಿದ. ತಂಗಿಯ ಪಾಠ ತೆರೆದುಕೊಳ್ಳದೆ ನಿಂತಾಗ ಪ್ರೊಸೆಸರು ಬಹುಮಟ್ಟಿಗೆ ಸುಮ್ಮನೆ ಕುಳಿತಿತ್ತು. ನೂರಕ್ಕೆ ನೂರು ಏದುಸಿರು ಬಿಡುತ್ತಿದ್ದುದು ತಿರುಗುವ ಹಳೆಯ ಹಾರ್ಡ್‌ಡಿಸ್ಕು. ಅಲ್ಲಿ ಪ್ರೊಸೆಸರಿನ ವೇಗ ಇಮ್ಮಡಿಯಾದರೂ ಪ್ರಯೋಜನವಿರಲಿಲ್ಲ. ವಿಡಿಯೊವನ್ನು ಕೊನೆಗೆ ತಯಾರಿಸುವ ಹೊತ್ತಿನಲ್ಲಿ ಮಾತ್ರ ಪ್ರೊಸೆಸರು ಪೂರ್ತಿಯಾಗಿ ದುಡಿಯುತ್ತಿತ್ತು.

ಆದ್ದರಿಂದ ಎಸ್‌ಎಸ್‌ಡಿ ಎಂಬ, ತಿರುಗುವ ಭಾಗವಿಲ್ಲದ ಡಿಸ್ಕು ಪಟ್ಟಿಗೆ ಸೇರಿತು. ಹಳೆಯ ಡಿಸ್ಕಿನಲ್ಲಿ ಮುಳ್ಳೊಂದು ಗ್ರಾಮಾಫೋನಿನ ಹಾಗೆ ಜಾಗ ಹುಡುಕಿಕೊಂಡು ಓಡಾಡಬೇಕು. ಇದರಲ್ಲಿ ಅಂಥ ಅಲೆದಾಟವಿಲ್ಲ. ಹಳೆಯ ಕಂಪ್ಯೂಟರಿಗೆ ಹಾಕುವ ಹಣದಲ್ಲಿ ಇಷ್ಟು ಫಲ ಕೊಡುವ ವಸ್ತು ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಇದೂ ಪಾತ್ರೆಯ ಜಾತಿಯದೇ, ಮುಂದಿನ ಮನೆಗೂ ಬರುವಂಥದು. ರ‍್ಯಾಮ್ ಹಾಗಲ್ಲ; ಈ ಯಂತ್ರದ್ದು ಡಿಡಿಆರ್3 ಎಂಬ ಹಳೆಯ ಬಗೆ, ಹೊಸ ಯಂತ್ರಗಳಿಗೆ ಹೊಂದದು. ಆದ್ದರಿಂದ ಅದನ್ನು ಹಳೆಯದನ್ನೇ, ಬೇಕಾದಷ್ಟೇ ಕೊಳ್ಳಬೇಕು. ಒಂಟಿಯಾಗಿ ಕೊಳ್ಳದೆ ಜೋಡಿಯಾಗಿ ಕೊಳ್ಳಬೇಕು. ಜೋಡೆತ್ತು ಒಂಟಿ ಎತ್ತಿಗಿಂತ ಸಲೀಸಾಗಿ ಎಳೆಯುವಂತೆ ಎರಡು ಸಮಾನ ರ‍್ಯಾಮುಗಳು ಕೂಡಿ ಎರಡು ದಾರಿಯಲ್ಲಿ ಸರಕು ಸಾಗಿಸುತ್ತವೆ.

ಬೋರ್ಡಿನ ಸರದಿ ಬಂದಾಗ ಕೈಯಲ್ಲಿ ಉಳಿದದ್ದು ಚೀಟಿಯ ಹಣದ ಒಂದು ತುಣುಕು. ಅದೇ ಒಳ್ಳೆಯದಾಯಿತು, ಹಣ ಕಡಿಮೆಯಿದ್ದರೆ ಕಣ್ಣು ಚುರುಕಾಗುತ್ತದೆ. ಪಿ67 ಬೋರ್ಡು ಅಗ್ಗವಾಗಿ ಸಿಗುವಂತಿದ್ದರೂ ಅದಕ್ಕೆ ಪರದೆಯ ತಂತಿ ಜೋಡಿಸುವ ಬಾಯಿಯಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಕೊಳ್ಳಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಪೀಳಿಗೆಯ ಪ್ರೊಸೆಸರಿನೊಳಗೆ ವಿಡಿಯೊ ತಯಾರಿಕೆಗೆಂದೇ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಅಂಗವಿದೆ. ಪಿ67 ಬೋರ್ಡಿನಲ್ಲಿ ಅದು ನಿದ್ರೆ ಹೋಗುತ್ತದೆ. ಝಡ್68, ಝಡ್77ಗಳಲ್ಲಿ ಎಚ್ಚರವಾಗಿರುತ್ತದೆ. ಮದುವೆಯ ವಿಡಿಯೊ ಜೋಡಿಸುವವನಿಗೆ ಇದು ಸಣ್ಣ ಮಾತಲ್ಲ. ಹಳೆಯ ಬೋರ್ಡನ್ನು ಕೊಳ್ಳುವಾಗ ಮೊದಲು ಪ್ರೊಸೆಸರು ಕೂರುವ ಚೌಕವನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿರುವ ಕೂದಲಿನಂಥ 1155 ಮುಳ್ಳುಗಳಲ್ಲಿ ಒಂದು ಬಾಗಿದ್ದರೂ ತೊಂದರೆ. ಕೆಪಾಸಿಟರುಗಳೆಂಬ ಪುಟ್ಟ ಉರುಟು ಡಬ್ಬಿಗಳ ನೆತ್ತಿ ಉಬ್ಬಿರಬಾರದು. ಅಂಗಡಿಯಲ್ಲಿಯೇ ಜೋಡಿಸಿ, ಪರದೆಯ ಮೇಲೆ ಅಕ್ಷರ ಮೂಡುವುದನ್ನು ಕಣ್ಣಾರೆ ಕಂಡು, ಬದಲಿಸಿಕೊಡುವ ವಾಯಿದೆಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಹಣ ಎಣಿಸಬೇಕು. ಹುಡುಗ ಮೂರು ಅಂಗಡಿಗಳಲ್ಲಿ ಬೇಡವೆಂದು, ನಾಲ್ಕನೆಯದರಲ್ಲಿ ಒಂದು ಝಡ್68 ಬೋರ್ಡನ್ನು ಕೊಂಡ. ಹಿಂದಿರುಗುವ ಬಸ್ಸಿನಲ್ಲಿ ಅದು ಅವನ ತೊಡೆಯ ಮೇಲೆಯೇ ಹಟ್ಟಿಗೆ ಬಂತು.

ಇನ್ನು ಏರುವ ಕ್ರಮ. ಎತ್ತರದ ಮೆಟ್ಟಿಲಿಗೆ ಒಮ್ಮೆಲೇ ಹಾರುವವರು ಬೀಳುತ್ತಾರೆ. ಮೊದಲು ಮಗನ ವಿಡಿಯೊಗಳನ್ನೂ ಮಗಳ ಟಿಪ್ಪಣಿಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ ಕಪಾಟಿನಲ್ಲಿ ಇಡಬೇಕು. ಆಮೇಲೆ ಗುಣಕವನ್ನು ಒಂದೊಂದಾಗಿ ಏರಿಸಬೇಕು. 34, 35, 36. ಪ್ರತಿ ಮೆಟ್ಟಿಲಿನಲ್ಲಿಯೂ ಪ್ರೈಮ್95ರಂಥ ಪರೀಕ್ಷೆಯ ಪ್ರೋಗ್ರಾಮನ್ನು ಓಡಿಸಿ ಬಿಸಿಯನ್ನು ನೋಡಬೇಕು. ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಹುಟ್ಟಿದ ಆ ಪ್ರೋಗ್ರಾಮು ಪ್ರೊಸೆಸರನ್ನು ಉಸಿರು ಕಟ್ಟುವಂತೆ ದುಡಿಸುತ್ತದೆ. ಒಂದು ಲೆಕ್ಕ ತಪ್ಪಿದರೂ ಕೂಡಲೇ ದೂರು ಹೇಳುತ್ತದೆ. ಯಂತ್ರ ನಿಂತುಹೋದರೆ ಒಂದು ಮೆಟ್ಟಿಲು ಇಳಿಯಬೇಕು, ಇಲ್ಲವೇ ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸಬೇಕು. ಏನು ಮಾಡಿದರೂ ಏಳದಿದ್ದರೆ ವಿದ್ಯುತ್ತನ್ನು ಕಳಚಿ, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಅದು ಕಲಿತದ್ದನ್ನೆಲ್ಲ ಮರೆತು ಹುಟ್ಟಿದ ವೇಗಕ್ಕೆ ಮರಳುತ್ತದೆ. ಮನುಷ್ಯರಿಗೆ ಇಲ್ಲದ ಭಾಗ್ಯ ಅದು.

ಕಾರ್ತಿಕದ ತಂಪಿನಲ್ಲಿ ಆ ಯಂತ್ರ 4.2ಕ್ಕೆ ಬಂದು ನಿಂತಿತು. ಕ್ವಿಕ್ ಸಿಂಕಿಗೆ ಒಪ್ಪಿಸಲಾಗದ, ಪ್ರೊಸೆಸರೇ ಮಾಡಬೇಕಾದ ಕೆಲಸದಲ್ಲಿ ಒಂದು ಗಂಟೆ ಹಿಡಿಯುತ್ತಿದ್ದುದು ಲೆಕ್ಕದ ಪ್ರಕಾರ 47 ನಿಮಿಷಕ್ಕೆ ಇಳಿಯಬೇಕು. ಹೆಚ್ಚುಕಡಿಮೆ ಹಾಗೆಯೇ ಇಳಿಯಿತು. ಕೇಳಿದವರಿಗೆ 13 ನಿಮಿಷವೇನು ಮಹಾ ಎನ್ನಿಸಬಹುದು. ರಾತ್ರಿ ಹತ್ತಕ್ಕೆ ಆರಂಭಿಸಿದ ಕೆಲಸ ಬೆಳಗಿನ ಆರಕ್ಕೆ ಮುಗಿಯುವ ಬದಲು ನಾಲ್ಕೂಕಾಲರ ಸುಮಾರಿಗೆ ಮುಗಿದರೆ, ನಸುಕಿನಲ್ಲೆದ್ದು ಓದುವ ತಂಗಿಗೆ ಯಂತ್ರ ಬಿಡುವಾಗುತ್ತದೆ. ಆ ಮನೆಯಲ್ಲಿ ವೇಗದ ಬೆಲೆಯನ್ನು ಅಳೆದದ್ದು ಗಿಗಾಹರ್ಟ್ಸಿನಲ್ಲಲ್ಲ, ಹುಡುಗಿಯ ಆ ಎರಡು ಗಂಟೆಗಳಲ್ಲಿ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಹುಡುಗ ಗುಣಕವನ್ನು 38ಕ್ಕೆ ಇಳಿಸಿದ. ಯುಗಾದಿಯ ನಂತರ ಹುಟ್ಟಿದ ವೇಗಕ್ಕೇ ಬಿಟ್ಟುಬಿಟ್ಟ. ಗೆಳೆಯರು ನಕ್ಕರು, ತಂದೆ ಮಾತ್ರ ನಗಲಿಲ್ಲ.

"ಎತ್ತಿಗೂ ಬ್ಯಾಸಿಗ್ಯಾಗ ಮಧ್ಯಾನ್ಹ ಕೊಳ್ಳ ಹರೀತಾರ. ಇದೂ ಹಂಗ" ಎಂದರು.

ಹಟ್ಟಿಯವರಿಗೆ ಹಳೆಯದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿಯ ಜನ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಬಿರಿಯಿಸಿ, ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದಿದ್ದರು. ಮುಗಿದುಹೋಯಿತೆಂದು ಕಾಲ ಮುಚ್ಚಿಹಾಕಿದ ಆ ಗಣಿಗಳ ಜಾಡನ್ನೇ ಹಿಡಿದು ಮುಂದಿನವರು ಹೊಸ ಗಣಿ ತೋಡಿದರು; 1947ರಲ್ಲಿ ಅದಕ್ಕಾಗಿ ಕಂಪನಿಯೊಂದು ಸ್ಥಾಪಿತವಾಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆಯೂ ಹಟ್ಟಿಯದು ನಡೆದುಕೊಂಡು ಬಂದಿದೆ. ಒಂದು ಟನ್ ಅದಿರನ್ನು ಪುಡಿಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಅಷ್ಟಕ್ಕಾಗಿ ಅಷ್ಟು ಶ್ರಮ ಲಾಭವೋ ನಷ್ಟವೋ ಎಂಬುದು ಪ್ರತಿವರ್ಷವೂ ಹಾಕಬೇಕಾದ ಲೆಕ್ಕ. ಲೆಕ್ಕ ಹೊಂದಿದರೆ ಗಣಿ ನಡೆಯುತ್ತದೆ, ಹೊಂದದಿದ್ದರೆ ಮುಚ್ಚುತ್ತದೆ. ಅಲ್ಲಿ ಹಳೆಯದೆಂಬ ಮಮತೆಗೂ ಹೊಸದೆಂಬ ಮೋಹಕ್ಕೂ ಸ್ಥಾನವಿಲ್ಲ.

ಹಳೆಯ ಕಂಪ್ಯೂಟರಿಗೂ ಆ ಲೆಕ್ಕವೇ ಸಲ್ಲುತ್ತದೆ. ಅದರ ಕಾಲವೂ ಮುಗಿಯುವುದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ತನ್ನ ಮನೆಗೆ ಸೇರಿಸುವುದಿಲ್ಲ. ಲಿನಕ್ಸಿನ ಬಾಗಿಲು ತೆರೆದಿದೆಯಾದರೂ ರೂಢಿಯ ಸಾಫ್ಟ್‌ವೇರುಗಳೆಲ್ಲ ಅಲ್ಲಿಗೆ ಬಾರವು. ಯಂತ್ರವನ್ನು ಎಷ್ಟು ಓಡಿಸಿದರೂ ಅದು ಕಾಲವನ್ನು ಹಿಂದೆ ಹಾಕಲಾರದು. ಎರಡು ಮೂರು ಹಂಗಾಮಿನ ಅವಕಾಶವನ್ನು ಮಾತ್ರ ತಂದುಕೊಟ್ಟೀತು. ದುಡಿಯಲಾರಂಭಿಸಿದ ಹುಡುಗನಿಗೆ ಕೆಲವೊಮ್ಮೆ ಬೇಕಾಗುವುದು ಅಷ್ಟೇ ಅವಕಾಶ. ಅದರೊಳಗೆ ಅವನು ಹೊಸ ಯಂತ್ರದ ಹಣವನ್ನು ಕೂಡಿಸಿಕೊಂಡರೆ ವಿದ್ಯುತ್ ಪೆಟ್ಟಿಗೆಯೂ ಎಸ್‌ಎಸ್‌ಡಿಯೂ ಅವನ ಜೊತೆಗೇ ಹೊಸ ಮನೆಗೆ ಬರುತ್ತವೆ, ಅದೃಷ್ಟವಿದ್ದರೆ ಶೀತಕದ ಗೋಪುರವೂ ಬಂದೀತು. ಹಳೆಯ ಪ್ರೊಸೆಸರು ಮಾತ್ರ ಬೋರ್ಡಿನೊಂದಿಗೆ ಉಳಿದು, ತನಗೆ ಬರೆದಿದ್ದ ವೇಗದಲ್ಲಿಯೇ, ತಂಗಿಯ ಮೇಜಿನ ಕೆಳಗೆ ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ನಡೆದೀತು.